ಅಗಸ್ತ್ಯನ ಕೆಳಗಿನ ಗೆಲಾಕ್ಸಿ

ತಮಿಳುನಾಡಿನ ಚಿನ್ನಮನೂರಿನ ಬಯಲಿಗೆ ಬಂದು ನಿಂತರೆ ದಕ್ಷಿಣದ ಆಕಾಶ ಬೆಂಗಳೂರಿನಲ್ಲಿ ಕಾಣುವುದಕ್ಕಿಂತ ಮೂರು ಡಿಗ್ರಿಯಷ್ಟು ಹೆಚ್ಚು ತೆರೆದುಕೊಳ್ಳುತ್ತದೆ, ಬೀದರಿನಲ್ಲಿ ಕಾಣುವುದಕ್ಕಿಂತ ಎಂಟು ಡಿಗ್ರಿಯಷ್ಟು. ಊರಿನ ಅಕ್ಷಾಂಶ 9.8 ಡಿಗ್ರಿ. ಪೆರಿಯಾರ್ ಅಣೆಕಟ್ಟಿನಿಂದ ಇಳಿದು ಬರುವ ನೀರು, ಬತ್ತದ ಗದ್ದೆ, ಬಾಳೆ ತೋಟ, ಸ್ವಲ್ಪ ಮುಂದೆ ಕಂಬಂ ಕಡೆಗೆ ದ್ರಾಕ್ಷಿ ಚಪ್ಪರ. ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳು, ದಕ್ಷಿಣ ಆಗ್ನೇಯಗಳಿಗೆ ಮೇಘಮಲೈ. ಈ ಕಣಿವೆಯ ಊರುಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುವ ಕಪ್ಪಿಲಿಯರ್ ಕುಟುಂಬಗಳಿವೆ. ಅವರ ಹಿರಿಯರು ತಲೆಮಾರುಗಳ ಹಿಂದೆ ಉತ್ತರದ ಕನ್ನಡ ನೆಲದಿಂದ ನಡೆದು ಬಂದಾಗ ಧ್ರುವ ನಕ್ಷತ್ರ ಬೆನ್ನ ಹಿಂದೆ ಮೆಲ್ಲಗೆ ತಗ್ಗಿತು, ಎದುರಿನಲ್ಲಿ ಅಗಸ್ತ್ಯ ಅಷ್ಟೇ ಮೇಲೇರಿತು. ಅಗಸ್ತ್ಯನ ಜೊತೆಗೆ ಇನ್ನೊಂದು ವಸ್ತುವೂ ಮೇಲೇರಿತು. ಈ ಅಧ್ಯಾಯ ಅದರ ಬಗ್ಗೆ.

ಫೆಬ್ರವರಿಯ ಮೊದಲ ವಾರ, ಚಂದ್ರನಿಲ್ಲದ ರಾತ್ರಿ, ಒಂಬತ್ತು ಗಂಟೆ. ಈಶಾನ್ಯ ಮಾರುತದ ಮಳೆ ಮುಗಿದು ಆಕಾಶ ತೊಳೆದಂತಿರುವ ಕಾಲ. ನೆತ್ತಿಯ ಹತ್ತಿರ ಮೃಗಶಿರದ ಬೇಟೆಗಾರ, ಅವನ ಎಡಗಡೆ ಸ್ವಲ್ಪ ಕೆಳಗೆ ಲುಬ್ಧಕ. ಅಲ್ಲಿಂದ ನೇರ ದಕ್ಷಿಣಕ್ಕೆ ಇಳಿದರೆ ಸಿಗುವ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ. ಚಿನ್ನಮನೂರಿನಲ್ಲಿ ಅದು ದಿಗಂತದಿಂದ 27 ಡಿಗ್ರಿ ಮೇಲಿನವರೆಗೂ ಏರುತ್ತದೆ. ಅಗಸ್ತ್ಯನಿಂದ ಇನ್ನೂ ಹದಿನೆಂಟು ಡಿಗ್ರಿಯಷ್ಟು ಕೆಳಗೆ, ತುಸು ಬಲಕ್ಕೆ, ದಿಗಂತದಿಂದ ಹತ್ತು ಡಿಗ್ರಿ ಎತ್ತರದಲ್ಲಿ ಒಂದು ಮಸುಕು ಬೆಳಕಿನ ತೇಪೆ ಇದೆ. ಅದೇ ದೊಡ್ಡ ಮೆಗಲನ್ ಮೋಡ. ಕಣಿವೆಯ ನೆಲದಿಂದ ನೋಡುವಾಗ ಬೆಟ್ಟದಂಚು ದಕ್ಷಿಣದ ಕೆಲವು ಡಿಗ್ರಿಗಳನ್ನು ಮುಚ್ಚುತ್ತದೆ, ಆದ್ದರಿಂದ ಜಾಗವನ್ನು ಆರಿಸಿಕೊಳ್ಳಬೇಕು. ಮೇಘಮಲೈ ಹತ್ತಿದರೆ ಎತ್ತರವೂ ತಿಳಿಗಾಳಿಯೂ ಸಿಗುತ್ತವೆ. ಆದರೆ ಅದು 2021ರಿಂದ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ಹೊತ್ತು ಅಲ್ಲಿ ಅಲೆಯುವಂತಿಲ್ಲ.

ಮೂರು ಡಿಗ್ರಿ ಎಂದರೆ ಎಷ್ಟು ಮಹಾ ಎನಿಸಬಹುದು. ಬೆಂಗಳೂರಿನಲ್ಲಿ ಈ ಮೋಡ ಏರುವುದು ಏಳು ಡಿಗ್ರಿ ಮಾತ್ರ. ಅಷ್ಟು ಕೆಳಗಿನಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ಏಳು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಬೇಕು. ಹತ್ತು ಡಿಗ್ರಿಗೆ ಬಂದರೆ ಐದೂವರೆ ಪಟ್ಟು ಸಾಕು. ದೂಳು, ತೇವ, ಊರ ದೀಪಗಳ ಹೊಳಪು ಎಲ್ಲ ಸೇರಿ ತಿನ್ನುವ ಬೆಳಕಿನ ಲೆಕ್ಕದಲ್ಲಿ ಇದು ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವಿನ ಅಂತರ. ಧಾರವಾಡದಲ್ಲಿ ಮೋಡ ಐದು ಡಿಗ್ರಿಯನ್ನೂ ಮುಟ್ಟುವುದಿಲ್ಲ.

ಆ ತೇಪೆ ಮೋಡವಲ್ಲ. 1,63,000 ಜ್ಯೋತಿರ್ವರ್ಷ ದೂರದ ಬೇರೊಂದು ಗೆಲಾಕ್ಸಿ. ಕೋಟ್ಯಂತರ ನಕ್ಷತ್ರಗಳ ಮತ್ತೊಂದು ನಾಡು. ಅದನ್ನು ನೋಡುವ ನಾವು ಕೂತಿರುವುದು ನಡುವೆ ದಂಡವಿರುವ ಒಂದು ಸುರುಳಿ ಗೆಲಾಕ್ಸಿಯಲ್ಲಿ. ದಂಡವುಳ್ಳ ಸುರುಳಿ ಗೆಲಾಕ್ಸಿಯೊಂದು ತನ್ನ ಸಂಗಾತಿಯೊಡನೆ ಎಳೆದಾಡುವ ಚಿತ್ರಗಳನ್ನು ದೊಡ್ಡ ದೂರದರ್ಶಕಗಳು ಎಷ್ಟೋ ತೆಗೆದಿವೆ, ನಾವೂ ಬೆರಗಿನಿಂದ ನೋಡಿದ್ದೇವೆ. ಅಂಥದೇ ಒಂದು ಜೋಡಿಯ ಒಳಗೆ ನಾವೇ ಬದುಕುತ್ತಿದ್ದೇವೆ ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಇನ್ನೂ ಒತ್ತಿ ಹೇಳಿಲ್ಲ. ಆಕಾಶಗಂಗೆ ಎಂದರೆ ಯಾರ ಗೊಡವೆಯೂ ಇಲ್ಲದೆ ಸಮಾಧಾನವಾಗಿ ತಿರುಗುವ ಚಕ್ರ ಎಂಬ ಚಿತ್ರವೇ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಆ ಚಿತ್ರ ತಿದ್ದಬೇಕಾದದ್ದು.

ಹೊರಗಿನಿಂದ ನೋಡಿದರೆ ಇಂಥ ಜೋಡಿ ಹೇಗಿರುತ್ತದೆ? ಅದಕ್ಕೆ ಒಳ್ಳೆಯ ಉದಾಹರಣೆ ಎನ್‌ಜಿಸಿ 1097. ವಿಲಿಯಂ ಹರ್ಷೆಲ್ ಇದನ್ನು ಕಂಡದ್ದು 1790ರ ಅಕ್ಟೋಬರ್ 9ರಂದು. ದೂರ ಸುಮಾರು 4.5 ಕೋಟಿ ಜ್ಯೋತಿರ್ವರ್ಷ. ಡಿಸೆಂಬರ್ ರಾತ್ರಿಗಳಲ್ಲಿ ಚಿನ್ನಮನೂರಿನ ದಕ್ಷಿಣಾಕಾಶದಲ್ಲಿ 50 ಡಿಗ್ರಿ ಎತ್ತರದಲ್ಲಿ ಸಾಗುತ್ತದೆ, ಆದರೆ ಬರಿಗಣ್ಣಿಗೆ ಸಿಗದು. ಚಿತ್ರದಲ್ಲಿ ನೋಡಿ: ನಡುವೆ ಉದ್ದನೆಯ ದಂಡ, ದಂಡದ ಎರಡು ತುದಿಗಳಿಂದ ಹೊರಟ ಎರಡು ತೋಳುಗಳು, ಒಂದು ತೋಳಿನ ಬದಿಯಲ್ಲಿ ಅಂಡಾಕಾರದ ಪುಟ್ಟ ಸಂಗಾತಿ ಎನ್‌ಜಿಸಿ 1097ಎ. ಸಂಗಾತಿ ಇರುವುದು ಕೇಂದ್ರದಿಂದ 42,000 ಜ್ಯೋತಿರ್ವರ್ಷ ದೂರದಲ್ಲಿ. ಹಾಲ್ಟನ್ ಆರ್ಪ್ 1966ರಲ್ಲಿ ವಿಚಿತ್ರ ಗೆಲಾಕ್ಸಿಗಳ ಪಟ ಪುಸ್ತಕ ಮಾಡಿದಾಗ ಈ ಜೋಡಿಗೆ 77ನೇ ಸಂಖ್ಯೆ ಕೊಟ್ಟರು. ಇನ್ನೂ ಆಳವಾದ ಚಿತ್ರಗಳಲ್ಲಿ ನಾಲ್ಕು ತೆಳು ಬೆಳಕಿನ ಗೀರುಗಳು ಗೆಲಾಕ್ಸಿಯಿಂದ ಬಹುದೂರ ಚಾಚಿರುವುದು ಕಂಡಿತು. ಅವು ಮತ್ತೊಂದು ಕುಬ್ಜ ಗೆಲಾಕ್ಸಿಯನ್ನು ಇದು ಎಂದೋ ಹರಿದು ನುಂಗಿದ ಗುರುತು ಎಂದು ತಜ್ಞರ ಅಂದಾಜು. ಅಂದರೆ ಪಕ್ಕದಲ್ಲಿರುವ ಸಂಗಾತಿ ಮೊದಲನೆಯದಲ್ಲ.

ಎನ್‌ಜಿಸಿ 1097ರ ಹೃದಯದಲ್ಲಿ 5,000 ಜ್ಯೋತಿರ್ವರ್ಷ ಅಗಲದ ಉಂಗುರವೊಂದು ಹೊಳೆಯುತ್ತದೆ. ಆಗತಾನೇ ಹುಟ್ಟಿದ ನಕ್ಷತ್ರಗಳ ಉಂಗುರ. ಅದರ ನಡುವೆ ಸೂರ್ಯನ 14 ಕೋಟಿ ಪಟ್ಟು ತೂಕದ ಕಪ್ಪುಕುಳಿ. ಈ ಉಂಗುರಕ್ಕೂ ಕುಳಿಗೂ ಆಹಾರ ಒದಗಿಸುವುದು ಆ ದಂಡ.

ದಂಡ ಎಂದರೇನು ಎಂಬುದು ನನಗೆ ಗೆಲಾಕ್ಸಿಗಳ ಕತೆಯಲ್ಲೇ ಅತ್ಯಂತ ಸುಂದರವಾದ ಭಾಗ. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೇಟಿ ಕಂಬಕ್ಕೆ ಎತ್ತುಗಳನ್ನು ಒಂದೇ ಸಾಲಿನಲ್ಲಿ ಕಟ್ಟುತ್ತಾರೆ. ಕಂಬದ ಬುಡದ ಎತ್ತು ನಿಂತಲ್ಲೇ ತಿರುಗಿದರೂ ಸಾಕು, ಹೊರಗಿನದು ಓಡಬೇಕು. ಹಗ್ಗ ಇರುವುದರಿಂದ ಸಾಲು ಮುರಿಯುವುದಿಲ್ಲ. ಗೆಲಾಕ್ಸಿಯ ನಕ್ಷತ್ರಗಳಿಗೆ ಹಗ್ಗವಿಲ್ಲ. ಒಳಗಿನವು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ಹಿಂದುಳಿಯುತ್ತವೆ. ನಕ್ಷತ್ರಗಳನ್ನು ಸಾಲಾಗಿ ನಿಲ್ಲಿಸಿ ಬಿಟ್ಟರೆ ಕೆಲವೇ ಸುತ್ತಿನಲ್ಲಿ ಸಾಲು ಸುರುಳಿಯಾಗಿ ಕಲಸಿಹೋಗಬೇಕು. ಆದರೂ ಹತ್ತಿರದ ಸುರುಳಿ ಗೆಲಾಕ್ಸಿಗಳಲ್ಲಿ ಅವಕೆಂಪು ಬೆಳಕಿನಲ್ಲಿ ನೋಡಿದರೆ ಮೂರರಲ್ಲಿ ಎರಡರಷ್ಟಕ್ಕೆ ದಂಡವಿದೆ, ಅದು ಕೋಟ್ಯಂತರ ವರ್ಷ ನೆಟ್ಟಗೇ ಉಳಿಯುತ್ತದೆ.

ಇದಕ್ಕೆ ಕಾರಣ ಕಕ್ಷೆಗಳ ಆಕಾರ. ದಂಡದ ಒಳಗಿನ ನಕ್ಷತ್ರ ವೃತ್ತದಲ್ಲಿ ಸುತ್ತುವುದಿಲ್ಲ. ಉದ್ದನೆಯ, ಎಳೆದ ಕಕ್ಷೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುತ್ತದೆ. ಇಂಥ ಲಕ್ಷಾಂತರ ಕಕ್ಷೆಗಳ ಉದ್ದದ ಅಕ್ಷಗಳು ಒಂದೇ ದಿಕ್ಕಿಗೆ ತಿರುಗಿಕೊಂಡಾಗ ಅವುಗಳ ಒಟ್ಟು ಗುರುತ್ವವೇ ಹಗ್ಗವಾಗುತ್ತದೆ. ದಾರಿ ತಪ್ಪಹೋದ ನಕ್ಷತ್ರವನ್ನು ಆ ಗುರುತ್ವ ಮತ್ತೆ ಸಾಲಿಗೆ ಎಳೆದುಕೊಳ್ಳುತ್ತದೆ. 1973ರಲ್ಲಿ ಜೆರೆಮಿಯಾ ಆಸ್ಟ್ರೈಕರ್ ಮತ್ತು ಜೇಮ್ಸ್ ಪೀಬಲ್ಸ್ ಕಂಪ್ಯೂಟರಿನಲ್ಲಿ ನಕ್ಷತ್ರಗಳ ತೆಳು ತಟ್ಟೆಯನ್ನು ತಿರುಗಿಸಿ ನೋಡಿದರು. ತಟ್ಟೆ ತಾನಾಗಿಯೇ ಬೇಗನೆ ದಂಡವಾಗಿಬಿಡುತ್ತಿತ್ತು. ಸುತ್ತಲೂ ಕಾಣದ ಭಾರೀ ವಸ್ತುವಿನ ಆವರಣ ಇದ್ದರೆ ಮಾತ್ರ ತಟ್ಟೆ ತಟ್ಟೆಯಾಗಿ ಉಳಿಯಬಲ್ಲದು ಎಂದು ಅವರು ವಾದಿಸಿದರು. ಕಪ್ಪು ವಸ್ತುವಿನ ಪರವಾಗಿ ಬಂದ ಮೊದಲ ಗಟ್ಟಿ ವಾದಗಳಲ್ಲಿ ಇದೂ ಒಂದು.

ಅನಿಲದ ಪಾಡು ಬೇರೆ. ನಕ್ಷತ್ರಗಳು ಒಂದನ್ನೊಂದು ತಾಗದೆ ದಾಟುತ್ತವೆ, ಅನಿಲದ ಮೋಡಗಳು ಡಿಕ್ಕಿ ಹೊಡೆಯುತ್ತವೆ. ದಂಡದ ಮುಂಚೂಣಿ ಅಂಚಿನಲ್ಲಿ ಅನಿಲ ಒತ್ತಿಕೊಂಡು ವೇಗ ಕಳೆದುಕೊಳ್ಳುತ್ತದೆ, ಕೇಂದ್ರದ ಕಡೆಗೆ ಜಾರುತ್ತದೆ. ಚಿತ್ರಗಳಲ್ಲಿ ದಂಡದ ಉದ್ದಕ್ಕೂ ಕಾಣುವ ಕಪ್ಪು ದೂಳಿನ ಗೆರೆಗಳು ಈ ಒತ್ತಡದ ಜಾಗಗಳು. ಎನ್‌ಜಿಸಿ 1097ರ ಉಂಗುರ ಹಾಗೆ ಜಾರಿ ಬಂದ ಅನಿಲ ಶೇಖರವಾದ ತಾಣ.

ಸಂಗಾತಿ ಇಲ್ಲದೆಯೂ ದಂಡ ಹುಟ್ಟಬಹುದು. ಸಂಗಾತಿ ಹತ್ತಿರ ಬಂದರೆ ಅದು ಬೇಗ ಹುಟ್ಟಬಹುದು. 1987ರಲ್ಲಿ ಜಪಾನಿನ ಮಸಫುಮಿ ನೊಗುಚಿ ಇದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಸಮುದ್ರದ ಉಬ್ಬರವಿಳಿತದ ತತ್ವವೇ ಇಲ್ಲಿಯದೂ: ಸಂಗಾತಿ ಹತ್ತಿರದ ಮಗ್ಗುಲನ್ನು ಹೆಚ್ಚು, ದೂರದ ಮಗ್ಗುಲನ್ನು ಕಡಿಮೆ ಎಳೆಯುತ್ತದೆ. ಈ ವ್ಯತ್ಯಾಸವೇ ತಟ್ಟೆಯನ್ನು ಉದ್ದಕ್ಕೆ ಹಿಗ್ಗಿಸುತ್ತದೆ. ದೂರ ಅರ್ಧವಾದರೆ ಆ ಹಿಗ್ಗಿಸುವ ಬಲ ಎಂಟು ಪಟ್ಟು.

ಕಂಪ್ಯೂಟರಿಗಿಂತ ಮೊದಲೇ ಇದನ್ನು ಕೈಯಿಂದ ಲೆಕ್ಕ ಹಾಕಿದವರೊಬ್ಬರಿದ್ದರು. ಅವರ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ಎರಿಕ್ ಹೋಮ್‌ಬರ್ಗ್ 1941ರಲ್ಲಿ ಎರಡು ಗೆಲಾಕ್ಸಿಗಳ ಡಿಕ್ಕಿಯನ್ನು ಕತ್ತಲ ಕೋಣೆಯ ಮೇಜಿನ ಮೇಲೆ ನಡೆಸಿದರು. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬಲ್ಬಿನ ಬೆಳಕೂ ಹಾಗೆಯೇ ಕುಗ್ಗುತ್ತದೆ. ಹಾಗಾದರೆ ಗುರುತ್ವದ ಬದಲು ಬೆಳಕನ್ನೇ ಅಳೆದರೆ? ಒಂದೊಂದು ಗೆಲಾಕ್ಸಿಗೆ 37ರಂತೆ ಒಟ್ಟು 74 ಬಲ್ಬುಗಳನ್ನು ಇಟ್ಟರು. ಪ್ರತಿ ಬಲ್ಬಿನ ಜಾಗದಲ್ಲೂ ಬೆಳಕಿನ ಮಾಪಕವನ್ನಿಟ್ಟು ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತಿದೆ ನೋಡಿದರು, ಅದನ್ನೇ ಬಲವೆಂದು ಎಣಿಸಿ ಪ್ರತಿ ಬಲ್ಬನ್ನೂ ತುಸು ಸರಿಸಿದರು, ಮತ್ತೆ ಅಳೆದರು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಲ್ಬುಗಳ ಎರಡು ತಟ್ಟೆಗಳು ಒಂದನ್ನೊಂದು ಹಾದುಹೋದವು. ಹಾದುಹೋಗುವಾಗ ತೋಳುಗಳು ಚಿಮ್ಮಿದವು. ಇನ್ನೂ ಮುಖ್ಯವಾಗಿ, ಒಂದರ ಚಲನೆಯ ಶಕ್ತಿ ಇನ್ನೊಂದರ ಒಳಗಿನ ಕಲಕಾಟಕ್ಕೆ ಖರ್ಚಾಗುತ್ತದೆ, ಹಾದುಹೋದದ್ದು ಸಿಕ್ಕಿಬೀಳಬಹುದು ಎಂಬುದು ಹೊಳೆಯಿತು. ಮೂವತ್ತೊಂದು ವರ್ಷದ ನಂತರ ಅಲಾರ್ ಮತ್ತು ಯೂರಿ ಟೂಮ್ರೆ ಸೋದರರು ಕಂಪ್ಯೂಟರ್ ಹಿಡಿದು ಗೆಲಾಕ್ಸಿಗಳ ನಡುವಿನ ಸೇತುವೆ, ಬಾಲಗಳನ್ನೆಲ್ಲ ವಿವರಿಸಿದಾಗ ಈ ವಿಷಯಕ್ಕೆ ಜಗತ್ತಿನ ಗಮನ ಬಂತು.

ಈಗ ಮನೆಗೆ ಬರೋಣ. ನಮ್ಮ ಗೆಲಾಕ್ಸಿಗೆ ದಂಡವಿದೆ ಎಂದು ತಿಳಿಯುವುದು ಕಷ್ಟವಾಗಿತ್ತು, ಏಕೆಂದರೆ ನಾವಿರುವುದು ತಟ್ಟೆಯೊಳಗೇ, ಕೇಂದ್ರದಿಂದ 26,700 ಜ್ಯೋತಿರ್ವರ್ಷ ದೂರದಲ್ಲಿ, ನಡುವೆ ದೂಳಿನ ಗೋಡೆ. ಅನಿಲದ ವಿಚಿತ್ರ ಚಲನೆ ನೋಡಿ ಜೆರಾರ್ಡ್ ದ ವೋಕುಲೂರ್ 1964ರಲ್ಲೇ ದಂಡವನ್ನು ಶಂಕಿಸಿದ್ದರು. 1990ರ ದಶಕದಲ್ಲಿ ಅವಕೆಂಪು ಬೆಳಕಿನ ಅಳತೆಗಳು ಅದನ್ನು ಗಟ್ಟಿ ಮಾಡಿದವು, 2005ರಲ್ಲಿ ಸ್ಪಿಟ್ಜರ್ ದೂರದರ್ಶಕ ಕೋಟಿಗಟ್ಟಲೆ ನಕ್ಷತ್ರಗಳನ್ನು ಎಣಿಸಿ ಸಂಶಯ ಮುಗಿಸಿತು. ದಂಡದ ಒಂದು ತುದಿ ನಮ್ಮ ಕಡೆಗೆ ಚಾಚಿದೆ. ಆಕಾಶದಲ್ಲಿ ಹೇಳುವುದಾದರೆ ಗೆಲಾಕ್ಸಿಯ ಕೇಂದ್ರ ಮೂಲಾ, ಪೂರ್ವಾಷಾಢಗಳ ಆಸುಪಾಸಿನಲ್ಲಿದೆ. ಹತ್ತಿರದ ತುದಿ ಅಲ್ಲಿಂದ ಶ್ರವಣದ ಕಡೆಗೆ. ದಂಡ ಒಂದು ಸುತ್ತು ಬರಲು ಸುಮಾರು 15 ಕೋಟಿ ವರ್ಷ, ಸೂರ್ಯನಿಗೆ 22 ಕೋಟಿಗೂ ಹೆಚ್ಚು. ಸೂರ್ಯನ ನೆರೆಯಲ್ಲೇ ಒಂದು ನಕ್ಷತ್ರಗಳ ಗುಂಪು ಉಳಿದವುಗಳಂತೆ ಸಾಗದೆ ಬೇರೆಯೇ ಲಯದಲ್ಲಿ ಸಾಗುತ್ತದೆ. ಆ ಲಯವನ್ನು ಹಾಕಿಕೊಟ್ಟದ್ದು ದೂರದ ಆ ದಂಡವೇ ಎಂದು ಬಹುಮಂದಿ ತಜ್ಞರು ಒಪ್ಪುತ್ತಾರೆ.

ಈ ದಂಡಕ್ಕೆ ದೊಡ್ಡ ಮೆಗಲನ್ ಮೋಡ ಕಾರಣವೇ? ಅಲ್ಲ. ನಮ್ಮ ದಂಡ ಬಹು ಹಳೆಯದು, ಸುಮಾರು 800 ಕೋಟಿ ವರ್ಷದ್ದು ಎಂಬುದು ಈಚಿನ ಅಂದಾಜು. ಮೋಡ ಬಂದದ್ದು ನಿನ್ನೆ ಮೊನ್ನೆ. ಬಹುಕಾಲ ಎಲ್ಲರೂ ಇದು ನಮ್ಮನ್ನು ಎಷ್ಟೋ ಬಾರಿ ಸುತ್ತಿದ ಹಳೆಯ ಉಪಗ್ರಹ ಎಂದೇ ನಂಬಿದ್ದರು. 2006ರಲ್ಲಿ ನಿತ್ಯಾ ಕಲ್ಲಿವಯಲಿಲ್ ಮತ್ತು ಸಂಗಡಿಗರು ಹಬಲ್ ಚಿತ್ರಗಳಲ್ಲಿ ಅದು ಆಕಾಶದಲ್ಲಿ ಸರಿದ ಕೂದಲೆಳೆಯಷ್ಟು ದೂರವನ್ನು ಅಳೆದಾಗ ವೇಗ ಎಲ್ಲರ ನಿರೀಕ್ಷೆ ಮೀರಿತು. ಈಗಿನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 320 ಕಿಲೊಮೀಟರ್. ಇಷ್ಟು ವೇಗದ್ದು ಮೊದಲ ಬಾರಿಗೆ ನಮ್ಮ ಬಳಿ ಬಂದಿರುವ ಸಾಧ್ಯತೆಯೇ ಹೆಚ್ಚು. ಅತಿ ಸಮೀಪಕ್ಕೆ ಬಂದು ಹೋದದ್ದು ಸುಮಾರು ಐದು ಕೋಟಿ ವರ್ಷದ ಹಿಂದೆ, ಡೈನೊಸಾರ್‌ಗಳು ಅಳಿದ ಎಷ್ಟೋ ಕಾಲದ ಮೇಲೆ.

ಅದರ ತೂಕವನ್ನೂ ನಾವು ಕಡಿಮೆ ಎಣಿಸಿದ್ದೆವು. ಕಪ್ಪು ವಸ್ತುವನ್ನೂ ಸೇರಿಸಿದರೆ ಆಕಾಶಗಂಗೆಯ ಹತ್ತನೇ ಒಂದು ಪಾಲಿಗೂ ಮಿಗಿಲು. ಇಷ್ಟು ಭಾರದ್ದು ಪಕ್ಕದಲ್ಲಿ ಹಾದರೆ ನಾವೂ ಸುಮ್ಮನಿರಲಾರೆವು. 2021ರಲ್ಲಿ ಮೈಕೆಲ್ ಪೀಟರ್‌ಸನ್, ಹೋರ್ಹೆ ಪೆನ್ಯಾರುಬಿಯಾ ಇಬ್ಬರೂ ಗೆಲಾಕ್ಸಿಯ ಹೊರ ಆವರಣದ ನಕ್ಷತ್ರಗಳ ಚಲನೆಯನ್ನು ಲೆಕ್ಕಹಾಕಿದರು. ಆ ಆವರಣಕ್ಕೆ ಹೋಲಿಸಿದರೆ ನಮ್ಮ ತಟ್ಟೆ, ದಂಡ, ತೋಳು, ಸೂರ್ಯ, ಭೂಮಿ ಸಮೇತ, ಸೆಕೆಂಡಿಗೆ 32 ಕಿಲೊಮೀಟರ್ ವೇಗದಲ್ಲಿ ಮೋಡದ ಎಳೆತಕ್ಕೆ ಸರಿಯುತ್ತಿದೆ. ನಮ್ಮ ತಟ್ಟೆಯ ಅಂಚು ಬಾಗಿರುವುದಕ್ಕೂ ಈ ಎಳೆತವೇ ಕಾರಣವಿರಬಹುದು.

ಇಲ್ಲಿ ಎಸ್. ಚಂದ್ರಶೇಖರ್ ಅವರ 1943ರ ಪ್ರಬಂಧ ಬರುತ್ತದೆ. ನಕ್ಷತ್ರಗಳ ನಡುವೆ ನುಗ್ಗುವ ಭಾರದ ವಸ್ತು ತನ್ನ ಹಿಂದೆ ನಕ್ಷತ್ರಗಳನ್ನು ಗುಂಪುಗೂಡಿಸುತ್ತದೆ, ಆ ಗುಂಪು ಅದನ್ನೇ ಹಿಂದಕ್ಕೆ ಜಗ್ಗುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. 2021ರಲ್ಲಿ ಚಾರ್ಲಿ ಕಾನ್‌ರಾಯ್ ಮತ್ತು ಜೊತೆಗಾರರು ಹೊರ ಆವರಣದ ನಕ್ಷತ್ರಗಳ ನಕ್ಷೆ ಬಿಡಿಸಿದಾಗ ಮೆಗಲನ್ ಮೋಡದ ಹಿಂದೆ ಅಂಥದೇ ಜಾಡು ಕಂಡಿತು. ಎಪ್ಪತ್ತೆಂಟು ವರ್ಷ ಸಮೀಕರಣದಲ್ಲಿದ್ದದ್ದು ಆಕಾಶದಲ್ಲಿ ಸಿಕ್ಕ ಕ್ಷಣ ಅದು.

ಮೋಡಕ್ಕೂ ಸ್ವಂತ ದಂಡವಿದೆ. ಒಳ್ಳೆಯ ಬೈನಾಕ್ಯುಲರಿನಲ್ಲಿ ಅದು ಮಸುಕಿನ ನಡುವೆ ಉದ್ದನೆಯ ಹೊಳಪಾಗಿ ಕಾಣುತ್ತದೆ. ಅದಕ್ಕೂ ಸ್ವಂತ ಸಂಗಾತಿಯಿದೆ, ಚಿಕ್ಕ ಮೆಗಲನ್ ಮೋಡ. ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ 2003ರಲ್ಲಿ ಈ ದಂಡ ಚಪ್ಪಟೆಯಾಗಿಲ್ಲ, ಬಾಗಿದೆ ಎಂದು ತೋರಿಸಿದರು. ಒಂದೇ ಬಗೆಯ ಹೊಳಪಿನ ಕೆಂಪು ನಕ್ಷತ್ರಗಳನ್ನು ದಂಡದುದ್ದಕ್ಕೂ ಹಿಡಿದು ಯಾವುದು ತುಸು ಹತ್ತಿರ, ಯಾವುದು ದೂರ ಎಂದು ಅಳೆದ ಕೆಲಸ ಅದು. ಅದೇ ಸಂಸ್ಥೆಯ ಇನ್ನೊಂದು ಮನೆ ಚಿನ್ನಮನೂರಿನ ಉತ್ತರಕ್ಕೆ, ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್ ಬೆಟ್ಟದಲ್ಲಿದೆ. 1899ರಲ್ಲಿ ಶುರುವಾದ ಆ ವೀಕ್ಷಣಾಲಯದ ಕಣ್ಣು ಸೂರ್ಯನ ಮೇಲೆ. ಸೂರ್ಯಕಲೆಗಳಿಂದ ಅನಿಲ ಹೊರಕ್ಕೆ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡದ್ದು ಅಲ್ಲಿಯೇ. ನಕ್ಷತ್ರಗಳಿಗಾಗಿ ಖಗೋಳವಿಜ್ಞಾನಿ ವೈನು ಬಪ್ಪು ಜವ್ವಾದು ಬೆಟ್ಟಗಳ ಕಾವಲೂರನ್ನು ಆರಿಸಿದ್ದರ ಹಿಂದೆ ದಕ್ಷಿಣದ ಆಕಾಶವೂ ದಕ್ಕಬೇಕೆಂಬ ಆಸೆಯಿತ್ತು. ಅದು ಫಲಿಸಿದ್ದು 1987ರಲ್ಲಿ. ಫೆಬ್ರವರಿ 24ರಂದು ದೊಡ್ಡ ಮೋಡದಲ್ಲಿ ನಕ್ಷತ್ರವೊಂದು ಸಿಡಿದದ್ದು ಪತ್ತೆಯಾಯಿತು, ಸುಮಾರು ನಾಲ್ಕು ಶತಮಾನಗಳಲ್ಲಿ ಬರಿಗಣ್ಣಿಗೆ ಅಷ್ಟು ಪ್ರಕಾಶವಾಗಿ ಕಂಡ ಮೊದಲ ಸೂಪರ್‌ನೋವಾ. ಕಾವಲೂರಿನಲ್ಲಿ ಅದು ಏರುವುದು ಎಂಟೇ ಡಿಗ್ರಿ. ಅಷ್ಟು ಕೆಳಗಿನಿಂದಲೇ ಅದರ ರೋಹಿತಗಳನ್ನು ಹಿಡಿದ ಬಿ.ಎನ್. ಅಶೋಕ, ಜಿ.ಸಿ. ಅನುಪಮಾ, ಟಿ.ಪಿ. ಪ್ರಭು ಮತ್ತಿತರರ ಬರಹ ಅದೇ ವರ್ಷ ಪ್ರಕಟವಾಯಿತು. ದಕ್ಷಿಣಾರ್ಧಗೋಳದ ದೊಡ್ಡ ದೂರದರ್ಶಕಗಳ ನಡುವೆ ಈ ಕೆಲಸ ಚಿಕ್ಕದು ಎನ್ನುವವರಿದ್ದಾರೆ. ಎಂಟು ಡಿಗ್ರಿಯಲ್ಲಿ ರೋಹಿತ ತೆಗೆಯುವುದು ಏನೆಂದು ಬಲ್ಲವರು ಹಾಗೆನ್ನುವುದಿಲ್ಲ.

ಮೋಡದ ದಂಡದ ವಿಚಿತ್ರ ಬಾಗುವಿಕೆಗೆ ನಿಲ್ಲುವುದಿಲ್ಲ. ಅದು ತನ್ನ ತಟ್ಟೆಯ ಕೇಂದ್ರದಿಂದ ಎರಡು ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ ಸರಿದಿದೆ. ಹದಿನೈದು ಇಪ್ಪತ್ತು ಕೋಟಿ ವರ್ಷದ ಹಿಂದೆ ಚಿಕ್ಕ ಮೋಡ ದೊಡ್ಡದರ ತಟ್ಟೆಯನ್ನೇ ತೂರಿಕೊಂಡು ಹೋದದ್ದು ಇದಕ್ಕೆ ಕಾರಣವಿರಬೇಕು. ಗಯಾ ಉಪಗ್ರಹದ ಅಳತೆಗಳನ್ನು ಬಳಸಿ 2024ರಲ್ಲಿ ಮಾಡಿದ ಒಂದು ಲೆಕ್ಕ ಇನ್ನೂ ಬೆರಗಿನದು: ಆ ದಂಡ ಹೆಚ್ಚುಕಡಿಮೆ ತಿರುಗುತ್ತಲೇ ಇಲ್ಲ. ಅದೇ ತಂಡ ಬೇರೆ ವಿಧಾನದಿಂದ ಅಳೆದಾಗ ತಿರುಗುವ ದಂಡವೇ ಸಿಕ್ಕಿತು. ದಂಡದ ನಕ್ಷತ್ರಗಳ ವೇಗವನ್ನು ಇನ್ನಷ್ಟು ನಿಖರವಾಗಿ ಅಳೆದಾಗಲೇ ಇದು ತೀರ್ಮಾನವಾಗುವುದು.

ಚಂದ್ರಶೇಖರರ ಜಗ್ಗಾಟ ನಿಲ್ಲುವುದಿಲ್ಲವಾದ್ದರಿಂದ ಮೋಡದ ಮುಂದಿನ ದಾರಿ ಬಹುಮಟ್ಟಿಗೆ ನಿಶ್ಚಿತ. ಮಾರಿಯಸ್ ಕೌತುನ್ ಮತ್ತು ಸಂಗಡಿಗರ 2019ರ ಲೆಕ್ಕದಂತೆ ಸುಮಾರು 240 ಕೋಟಿ ವರ್ಷದಲ್ಲಿ ಅದು ಹಿಂದಿರುಗಿ ಆಕಾಶಗಂಗೆಯೊಳಗೆ ಬಿದ್ದು ಕರಗುತ್ತದೆ. ಅದರ ಅನಿಲ ಕೇಂದ್ರಕ್ಕಿಳಿದು ಈಗ ಸೂರ್ಯನ 43 ಲಕ್ಷ ಪಟ್ಟು ಇರುವ ನಮ್ಮ ಕಪ್ಪುಕುಳಿ ಎಂಟು ಪಟ್ಟಿನವರೆಗೆ ಬೆಳೆಯಬಹುದು. ಹಾಗೆ ಬೆಳೆದರೂ ಎನ್‌ಜಿಸಿ 1097ರ ಕುಳಿಯ ಕಾಲುಭಾಗವಷ್ಟೆ. ಇನ್ನೊಂದು ಪರಿಣಾಮವನ್ನು 2025ರಲ್ಲಿ ಟಿಲ್ ಸವಾಲ ತಂಡ ಲೆಕ್ಕ ಹಾಕಿತು. ಆಂಡ್ರೊಮಿಡಾ ಗೆಲಾಕ್ಸಿ ನಮಗೆ ಡಿಕ್ಕಿ ಹೊಡೆದೇ ಹೊಡೆಯುತ್ತದೆ ಎಂದು ವರ್ಷಗಟ್ಟಲೆ ಬರೆಯುತ್ತಾ ಬಂದಿದ್ದೇವೆ. ಮೆಗಲನ್ ಮೋಡದ ಎಳೆತ ಆ ದಾರಿಗೆ ಅಡ್ಡಲಾಗಿದೆ. ಅದನ್ನೂ, ಟ್ರಯಾಂಗುಲಮ್ ಗೆಲಾಕ್ಸಿಯನ್ನೂ ಲೆಕ್ಕಕ್ಕೆ ಸೇರಿಸಿದರೆ ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಆಂಡ್ರೊಮಿಡಾ ನಮ್ಮೊಡನೆ ಬೆರೆಯುವ ಸಂಭವ ಸುಮಾರು ಅರ್ಧಕ್ಕರ್ಧ.